ಅಕ್ಕನಿಗೆ, ಮೆಟ್ಸ್ ಅಂಗಿಯ ತೋಳಿನ ಬಗ್ಗೆ

ಫ್ಲಶಿಂಗ್, ನ್ಯೂಯಾರ್ಕ್

ಪ್ರೀತಿಯ ಅಕ್ಕನಿಗೆ,

ನಾವಿಲ್ಲಿ ಚೆನ್ನಾಗಿದ್ದೇವೆ. ನೀನು, ಭಾವ, ಪುಟ್ಟಿ, ಅಪ್ಪ, ಅಮ್ಮ ಎಲ್ಲರೂ ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ. ಫೋನ್ ಮಾಡೋಣ ಅಂದರೆ ನಿನಗೆ ಅಂಗಡಿ ಹೊತ್ತು, ನನಗೆ ನಿದ್ದೆ ಹೊತ್ತು. ಅದಕ್ಕೇ ಈ ಸಲ ಉದ್ದಕ್ಕೆ ಬರೆಯುತ್ತಿದ್ದೇನೆ. ಭಾವ ಓದಿ ಹೇಳಲಿ, ನೀನು ಮಷಿನ್ ನಿಲ್ಲಿಸಬೇಡ.

ಫೋಟೊ ನೋಡಿ ನೀನು ಕೇಳಿದೆಯಲ್ಲ, 'ಆ ಬೇಸ್‌ಬಾಲ್ ಅಂಗಿಯ ತೋಳಲ್ಲಿ ಪಿಜ್ಜಾ ಅಂಗಡಿ ಬೋರ್ಡು ಯಾಕೋ' ಅಂತ. ನೀನು ಸುಮ್ನೆ ಕೇಳಿದ್ದಿರಬಹುದು. ಆದರೆ 2009ರಲ್ಲಿ ಈ ಊರಿನ ಮೆಟ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳು ಕೇಳಿದ್ದೂ ಅದನ್ನೇ! ಡೊಮಿನೋಸ್ ಪೆಟ್ಟಿಗೆ ಮೇಲಿರುವ ಚಿತ್ರದ ಹಾಗಿದೆ ಅಂತ ತಮಾಷೆ ಮಾಡಿದ್ದೇ ಮಾಡಿದ್ದು. ಎಂಬ್ರಾಯ್ಡರಿ ಮಾಡುವವಳ ಕಣ್ಣು, ಸರಿಯಾಗಿಯೇ ಹಿಡಿದಿದೆ.

ಆ ಅಂಗಿ ನನ್ನದಲ್ಲ. ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಹಿರಿಯರಿದ್ದಾರೆ, ಸಬ್‌ವೇ ರೈಲು ಓಡಿಸಿ ನಿವೃತ್ತರಾದವರು. ನಾನು ಮ್ಯಾಚಿಗೆ ಹೋಗುತ್ತೇನೆ ಅಂದಾಗ ಅವರೇ ಕೊಟ್ಟರು. 'ಈ ಅಂಗಿ ಹಾಕಿಕೊಂಡು ಹೋಗು, ಕಳೆದುಹೋದರೂ ನನಗೆ ಬೇಜಾರಿಲ್ಲ' ಅಂದರು. ಉಳಿದ ಅಂಗಿಗಳನ್ನು ಮುಟ್ಟಲೂ ಬಿಡುವುದಿಲ್ಲ. ತೋಳಿಗೆ ಹೊಲಿದ ಆ ಒಂದು ಪ್ಯಾಚಿನ (ಬಟ್ಟೆಯ ಬಿಲ್ಲೆ) ಮೇಲೆ ಇವರಿಗೆ ಇಷ್ಟು ವರ್ಷವಾದರೂ ಸಿಟ್ಟು ಯಾಕೆ ಅಂತ ಕೇಳಿದೆ. ಅವತ್ತು ರಾತ್ರಿ ಊಟ ತಣ್ಣಗಾಯಿತು.

ಮೊದಲು ಮೆಟ್ಸ್ ಅಂದರೆ ಏನು ಅಂತ ಹೇಳುತ್ತೇನೆ. ನ್ಯೂಯಾರ್ಕಿನಲ್ಲಿ ಹಿಂದೆ ಮೂರು ದೊಡ್ಡ ಬೇಸ್‌ಬಾಲ್ ತಂಡ ಇದ್ದವು. 1957ರ ಸೀಸನ್ ಮುಗಿದ ಮೇಲೆ ಬ್ರೂಕ್ಲಿನ್ ಡಾಡ್ಜರ್ಸ್ ಮತ್ತು ಜೈಂಟ್ಸ್ ಎರಡೂ ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಗೆ ಹೋಗಿಬಿಟ್ಟವು. ಉಳಿದದ್ದು ಯಾಂಕೀಸ್ ಒಂದೇ. ಬಿಟ್ಟುಹೋದ ತಂಡಗಳ ಅಭಿಮಾನಿಗಳು ಯಾಂಕೀಸ್‌ಗೆ ಜೈ ಅನ್ನುತ್ತಾರಾ? ಅದಕ್ಕೇ 1962ರಲ್ಲಿ ಮೆಟ್ಸ್ ಹುಟ್ಟಿತು. ಡಾಡ್ಜರ್ಸ್‌ನಿಂದ ನೀಲಿ, ಜೈಂಟ್ಸ್‌ನಿಂದ ಕಿತ್ತಳೆ ತೆಗೆದುಕೊಂಡರು. ತಂಡದ ಗುಂಡನೆಯ ಲಾಂಛನ ಬರೆದವರು ರೇ ಗಾಟೊ ಎಂಬ ವ್ಯಂಗ್ಯಚಿತ್ರಕಾರ. ಚೆಂಡಿನ ಹೊಲಿಗೆಯ ಮಧ್ಯೆ ಊರಿನ ಕಟ್ಟಡಗಳ ಸಾಲು. ಎಡಗಡೆ ಚರ್ಚಿನ ಗೋಪುರ ಬ್ರೂಕ್ಲಿನ್‌ಗೆ, ಆಮೇಲೆ ಎಂಪೈರ್ ಸ್ಟೇಟ್, ವಿಶ್ವಸಂಸ್ಥೆಯ ಕಟ್ಟಡ, ಮುಂದೆ ಒಂದು ಸೇತುವೆ. ನೀನು ನೋಡಿದರೆ 'ಇಷ್ಟು ಚಿಕ್ಕದರಲ್ಲಿ ಇಷ್ಟೊಂದು ಹೊಲಿಗೆಯಾ' ಅಂತ ಬೈಯುತ್ತೀಯ. ಆದರೆ ಇಲ್ಲಿಯವರಿಗೆ ಅದು ಪ್ರಾಣ.

1964ರಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ವಿಶ್ವಮೇಳ ಆಯಿತು. ಅದರ ಪಕ್ಕದಲ್ಲೇ ಮೆಟ್ಸ್‌ಗೆ ಶೇ ಸ್ಟೇಡಿಯಂ ಕಟ್ಟಿದರು. 1964 ಮತ್ತು 1965ರಲ್ಲಿ ಆಟಗಾರರ ತೋಳಿನಲ್ಲಿ ಆ ಮೇಳದ ಪ್ಯಾಚ್ ಇತ್ತು. ಮೇಳದ ಬಣ್ಣವೂ ನೀಲಿ ಮತ್ತು ಕಿತ್ತಳೆಯೇ! ಮೇಳಕ್ಕೆಂದು ಮಾಡಿದ ಉಕ್ಕಿನ ಭೂಗೋಳ ಇವತ್ತಿಗೂ ಪಾರ್ಕಿನಲ್ಲಿದೆ, 140 ಅಡಿ ಎತ್ತರ. ನೀನು ಬಂದಾಗ ಅದರ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತೇನೆ. ಅಲ್ಲಿಂದ ಗಣೇಶನ ಗುಡಿಗೂ ಹೋಗೋಣ, ಅಲ್ಲಿಯ ಕ್ಯಾಂಟೀನಿನ ದೋಸೆಗೆ ನೀನು ಎಷ್ಟು ಮಾರ್ಕ್ಸ್ ಕೊಡುತ್ತೀಯೋ ನೋಡಬೇಕು.

ಶೇ ಸ್ಟೇಡಿಯಂ ಚಂದ ಇರಲಿಲ್ಲವಂತೆ. ಮೇಲೆ ವಿಮಾನದ ಸದ್ದು, ಕಿತ್ತುಹೋದ ಸೀಟು. ಆದರೂ ಜನಕ್ಕೆ ಅದು ತಮ್ಮ ಜಾಗ. 2008 ಅದರ ಕೊನೆಯ ವರ್ಷ. ಸೆಪ್ಟೆಂಬರ್ 28ರಂದು ಅಲ್ಲಿಯ ಕಡೇ ಆಟ. ಗೆದ್ದಿದ್ದರೆ ಮುಂದಿನ ಸುತ್ತಿನ ಆಸೆ ಉಳಿಯುತ್ತಿತ್ತು, 4-2ಕ್ಕೆ ಸೋತರು. ಹಿಂದಿನ ವರ್ಷವೂ ಕೊನೆಯ ದಿನವೇ ಕೈ ತಪ್ಪಿತ್ತು. ಸೋತ ದುಃಖ ಆರುವ ಮೊದಲೇ ಸ್ಟೇಡಿಯಂ ಒಡೆಯಲು ಶುರು ಮಾಡಿದರು. ಪಕ್ಕದಲ್ಲಿ ಹೊಸದು ಎದ್ದು ನಿಂತಿತ್ತು.

ಹೊಸದರ ಹೆಸರು ಸಿಟಿ ಫೀಲ್ಡ್. ನಗರ ಅನ್ನುವ ಸಿಟಿ ಅಲ್ಲ ಅಕ್ಕ, ಬ್ಯಾಂಕು. ವರ್ಷಕ್ಕೆ 2 ಕೋಟಿ ಡಾಲರ್, 20 ವರ್ಷ, ಹೆಸರಿಡಲು ಮಾತ್ರ. ಅದೇ ಹೊತ್ತಿಗೆ 2008ರ ಬ್ಯಾಂಕ್ ಕುಸಿತ ಬಂತು. ಆ ಬ್ಯಾಂಕನ್ನು ಉಳಿಸಲು ಸರ್ಕಾರ 4,500 ಕೋಟಿ ಡಾಲರ್ ಹಾಕಿತು. ಜನ ಕೆಲಸ ಕಳೆದುಕೊಂಡು ಕೂತಿದ್ದಾರೆ, ಅವರ ತೆರಿಗೆ ದುಡ್ಡು ಹೋದ ಬ್ಯಾಂಕಿನ ಹೆಸರು ಸ್ಟೇಡಿಯಂ ಮೇಲೆ! ನಗರ ಪಾಲಿಕೆಯ ಇಬ್ಬರು ಸದಸ್ಯರು 'ಸಿಟಿ/ತೆರಿಗೆದಾರರ ಫೀಲ್ಡ್' ಅಂತ ಹೆಸರಿಡಿ ಅಂದರು. ನಗು ಬಂದರೂ ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ಇಂಥ ಹೊತ್ತಲ್ಲಿ ಹೊರಬಂತು ಆ ಪ್ಯಾಚ್, ಹೊಸ ಸ್ಟೇಡಿಯಂನ ಮೊದಲ ವರ್ಷದ ನೆನಪಿಗೆ. ನೀಲಿ, ಕಿತ್ತಳೆ ಬಣ್ಣದ ಚೌಕಗಳು, '2009', 'ಮೊದಲ ಸೀಸನ್' ಎಂಬ ಬರಹ. ಅಷ್ಟೇ. ಗೋಪುರ ಇಲ್ಲ, ಸೇತುವೆ ಇಲ್ಲ. 'ಬಣ್ಣ ಬಿಟ್ಟರೆ ಇದರಲ್ಲಿ ನಮ್ಮದು ಏನಿದೆ? ಯಾವುದೋ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಮಾಡಿದ್ದು ಇದು' ಅಂತ ಮೇಲಿನ ಮನೆಯವರು ಈಗಲೂ ಗೊಣಗುತ್ತಾರೆ. ಪಿಜ್ಜಾ ತಮಾಷೆ ಊರೆಲ್ಲ ಹಬ್ಬಿತು. ಆ ಪ್ಯಾಚನ್ನು ಒಂದಿಡೀ ವರ್ಷ ಹಾಕಿಕೊಂಡು ಆಡಿದರು. ಮೊದಲ ಆಟದಲ್ಲಿ ಎದುರಾಳಿಯ ಮೊದಲ ಬ್ಯಾಟರ್ರೇ ಹೋಂ ರನ್ ಹೊಡೆದ, ನಮ್ಮ ಸಿಕ್ಸರ್ ಇದ್ದ ಹಾಗೆ. ಆ ಆಟ ಮೆಟ್ಸ್ 6-5ಕ್ಕೆ ಸೋತರು. ವರ್ಷದ ಕೊನೆಗೆ 70 ಗೆಲುವು, 92 ಸೋಲು. ಗೆದ್ದಿದ್ದರೆ ಇಷ್ಟು ಬೈಯುತ್ತಿರಲಿಲ್ಲವೇನೋ. ನಮ್ಮ ಆರ್‌ಸಿಬಿಯವರು ಹಸಿರು ಜರ್ಸಿ ಹಾಕಿದ ದಿನ ನೀನು ಟಿವಿ ಮುಂದೆ ಕೂತು ಏನೇನು ಅಂತೀಯ ನನಗೆ ಗೊತ್ತಿಲ್ವಾ!

ನನಗನ್ನಿಸಿದ್ದು ಹೇಳಲಾ? ಅವರು ಬೈದದ್ದು ಚೌಕಗಳನ್ನಲ್ಲ. ಹೊಸ ಸ್ಟೇಡಿಯಂನ ಮುಂಭಾಗ ಬ್ರೂಕ್ಲಿನ್ ಡಾಡ್ಜರ್ಸ್‌ನ ಹಳೇ ಮೈದಾನದ ಹಾಗಿದೆ. ಬಾಗಿಲಲ್ಲೇ ದೊಡ್ಡ ಅಂಗಳ, ಅದಕ್ಕೆ ಡಾಡ್ಜರ್ಸ್‌ನ ಜಾಕಿ ರಾಬಿನ್ಸನ್ ಹೆಸರು. ಕರಿಯರನ್ನು ದೂರ ಇಟ್ಟಿದ್ದ ದೊಡ್ಡ ಲೀಗಿನ ಬಾಗಿಲು ತೆರೆಸಿದ ದೊಡ್ಡ ಮನುಷ್ಯ, ಹೆಸರಿಟ್ಟದ್ದಕ್ಕೆ ಯಾರ ತಕರಾರೂ ಇಲ್ಲ. ಆದರೆ ಮೆಟ್ಸ್ ಮನೆಯಲ್ಲಿ ಮೆಟ್ಸ್ ಎಲ್ಲಿ? ಮೈದಾನದ ಸುತ್ತಿನ ಗೋಡೆ ಕೂಡ ಕಪ್ಪು. ಗಲಾಟೆ ಆಗಿ ಆಗಿ, 2010ರಲ್ಲಿ ತಂಡದ ಮ್ಯೂಸಿಯಂ ತೆರೆದರು. 2012ರಲ್ಲಿ ಗೋಡೆಗೆ ನೀಲಿ ಬಳಿದರು. ಅಂದರೆ ಬೈದವರು ಸುಮ್ಮನೆ ಬೈದಿರಲಿಲ್ಲ, ಅಲ್ವಾ? ಪ್ಯಾಚಿನಲ್ಲಿ ಕಂಡದ್ದೇ ಗೋಡೆಯಲ್ಲೂ ಕಂಡಿತ್ತು.

ಸರಳವಾಗಿದ್ದಕ್ಕೆ ಬೈದರು ಅನ್ನುವ ಹಾಗೂ ಇಲ್ಲ. 2020ರ ಆಗಸ್ಟ್ ಕೊನೆಗೆ ಮೆಟ್ಸ್‌ನ ಹಳೇ ಪಿಚರ್ (ಚೆಂಡು ಎಸೆಯುವವರು) ಟಾಮ್ ಸೀವರ್ ತೀರಿಕೊಂಡರು. 1962ರಲ್ಲಿ 120 ಆಟ ಸೋತಿದ್ದ ತಂಡವನ್ನು 1969ರಲ್ಲಿ ಚಾಂಪಿಯನ್ ಮಾಡಿದವರಲ್ಲಿ ಮೊದಲನೆಯವರು. ಆಮೇಲೆ ತೋಳಿಗೆ ಬಂದದ್ದು ಅವರ ನಂಬರ್ 41 ಮಾತ್ರ. ಎರಡು ಅಂಕಿ, ಚಿತ್ರ ಇಲ್ಲ, ಕಸೂತಿ ಇಲ್ಲ. ಅದರ ಬಗ್ಗೆ ಯಾರೂ ಒಂದು ಮಾತು ಆಡಿದ್ದು ನಾನು ಕೇಳಿಲ್ಲ. ಸ್ಟೇಡಿಯಂನ ವಿಳಾಸವೇ ಈಗ 41, ಸೀವರ್ ವೇ. 2012ರಲ್ಲಿ ಮೆಟ್ಸ್‌ನ ಇನ್ನೊಬ್ಬ ಹಳೇ ಆಟಗಾರ ಗ್ಯಾರಿ ಕಾರ್ಟರ್ ತೀರಿಹೋದಾಗಲೂ ಹೀಗೇ. ಅವರು ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಹಾಗೆ. ಕೂರುತ್ತಿದ್ದದ್ದು ಹೋಂ ಪ್ಲೇಟ್ ಹಿಂದೆ, ಅಂದರೆ ಬ್ಯಾಟರ್ ನಿಲ್ಲುವಲ್ಲಿ ನೆಲದಲ್ಲಿರುವ ಐದು ಮೂಲೆಯ ಹಲಗೆಯ ಹಿಂದೆ. ಆ ಪ್ಲೇಟಿನ ಆಕಾರದ ಕಪ್ಪು ತುಂಡು, ಅದರಲ್ಲಿ ಅವರ ಅಡ್ಡಹೆಸರು 'ಕಿಡ್', ನಂಬರ್ 8. ಇದನ್ನು ಬೇರೆ ಯಾವ ಊರಿನ ಯಾವ ತಂಡಕ್ಕೆ ಅಂಟಿಸಲು ಆಗುತ್ತದೆ ಹೇಳು? 2009ರದ್ದನ್ನು ಬಣ್ಣ ಬದಲಿಸಿ ಯಾರಿಗೆ ಬೇಕಾದರೂ ಮಾರಬಹುದಿತ್ತು.

ಅದಕ್ಕೇ ನಮ್ಮ ಶಾಲೆಯವರು ನಿನಗೆ ಕೊಟ್ಟ ಬ್ಯಾಡ್ಜಿನ ಆರ್ಡರ್ ಬಗ್ಗೆ ಒಂದು ಮಾತು. ಅಮೃತ ಮಹೋತ್ಸವದ ಸಮಿತಿಯವರು ಒಬ್ಬರು ಸರಸ್ವತಿ ಬೇಕು ಅಂತಾರೆ, ಇನ್ನೊಬ್ಬರು ಹೊಸ ಕಟ್ಟಡ ಬೇಕು ಅಂತಾರೆ, ಮತ್ತೊಬ್ಬರಿಗೆ ದಾನಿಗಳ ಹೆಸರು ಬರಬೇಕು ಅಂದೆಯಲ್ಲ. ಸರಸ್ವತಿ ಎಲ್ಲ ಶಾಲೆಗೂ ಇದ್ದಾಳೆ. ಆ ಹೊಸ ಕಟ್ಟಡದಲ್ಲಿ ನಾವ್ಯಾರೂ ಓದಿಲ್ಲ. ಅಂಗಳದ ಆ ನೇರಳೆ ಮರ ಹಾಕು. ಅದರ ಕೆಳಗೆ ಪೆಟ್ಟು ತಿನ್ನದವರು, ಶರ್ಟಿಗೆ ಕಲೆ ಮಾಡಿಕೊಂಡು ಮನೆಯಲ್ಲಿ ಬೈಸಿಕೊಳ್ಳದವರು ಯಾರಿದ್ದಾರೆ? ನೇರಳೆ ಬಣ್ಣದ ದಾರ ನಿನ್ನ ಹತ್ತಿರ ಬಂಡಿಗಟ್ಟಲೆ ಇದೆ. ದಾನಿಗಳ ಹೆಸರು ಕಲ್ಲಿನ ಮೇಲೆ ಬರೆಸಲಿ, ಎರಡೂವರೆ ಇಂಚಿನ ಬಟ್ಟೆಯಲ್ಲಿ ಬೇಡ.

ಜಾಹೀರಾತಿನ ವಿಷಯಕ್ಕೆ ಬಂದರೆ ಇಲ್ಲೂ ಅದೇ ಕಥೆ. 2023ರಿಂದ ಬೇಸ್‌ಬಾಲ್ ಅಂಗಿಯ ತೋಳಿಗೆ ಕಂಪನಿಯ ಪ್ಯಾಚ್ ಹಾಕಬಹುದು ಅಂತಾಯಿತು. ಆಟಗಾರ ಬ್ಯಾಟ್ ಹಿಡಿಯುವ ಕೈ ನೋಡಿ, ಟಿವಿ ಕ್ಯಾಮೆರಾಗೆ ಕಾಣುವ ತೋಳಿಗೇ ಹೊಲಿಯುತ್ತಾರೆ, ಎಷ್ಟು ಲೆಕ್ಕಾಚಾರ ನೋಡು. ಮೆಟ್ಸ್‌ಗೆ ಬಂದದ್ದು ಒಂದು ದೊಡ್ಡ ಆಸ್ಪತ್ರೆ ಜಾಲದ ಹೆಸರು. ಕೆಂಪು, ಬಿಳಿ, ಅಂಗೈ ಅಗಲ. ಆಸ್ಪತ್ರೆ ಒಳ್ಳೆಯದೇ ಇರಬಹುದು, ಆದರೆ ಕೆಂಪು ಪಕ್ಕದೂರಿನ ಫಿಲಡೆಲ್ಫಿಯಾ ಫಿಲೀಸ್ ತಂಡದ ಬಣ್ಣ! ಬದ್ಧ ವೈರಿಗಳು. ಜನ ಕೂಗೆಬ್ಬಿಸಿದರು. ತಮಾಷೆ ಅಂದರೆ ತಂಡದ ಮಾಲೀಕ ಸ್ಟೀವ್ ಕೋಹೆನ್ ಅವರೇ ಇದು ಫಿಲೀಸ್ ಬಣ್ಣ ಅಂತ ಒಪ್ಪಿಕೊಂಡುಬಿಟ್ಟರು. ಆ ಸೀಸನ್ನಿನಲ್ಲೇ ಅದು ನೀಲಿ, ಕಿತ್ತಳೆ ಆಯಿತು. ದುಡ್ಡು ಕೊಟ್ಟವರ ಬಣ್ಣವನ್ನೂ ಜನ ಬದಲಾಯಿಸಿದರು. ನನಗೆ ಇದು ಭಾರೀ ಖುಷಿ ಕೊಟ್ಟ ಸಂಗತಿ.

ಎಲ್ಲ ಜಗಳವೂ ಇಷ್ಟು ಗಂಭೀರ ಅಲ್ಲ. 1986ರಲ್ಲಿ ಮೆಟ್ಸ್ ತೋಳಲ್ಲಿ '25ನೇ ವರ್ಷ' ಎಂಬ ಪ್ಯಾಚ್ ಇತ್ತು, ಆ ವರ್ಷ ಚಾಂಪಿಯನ್ ಕೂಡ ಆದರು. ಆಮೇಲೆ 50ರ ಪ್ಯಾಚ್ ಹಾಕಿದ್ದು 2012ರಲ್ಲಿ. ಲೆಕ್ಕ ಹಾಕು. 1962ರಿಂದ ಎಣಿಸಿದರೆ 1986 ಇಪ್ಪತ್ತೈದನೇ ಸೀಸನ್. ಅದೇ ಲೆಕ್ಕದಲ್ಲಿ ಐವತ್ತನೆಯದು 2011ಕ್ಕೇ ಆಗಿಹೋಗಿತ್ತು. ಒಮ್ಮೆ ನಡೆಯುತ್ತಿರುವ ವರ್ಷ ಎಣಿಸಿದರು, ಇನ್ನೊಮ್ಮೆ ತುಂಬಿದ ವರ್ಷ. ಅಪ್ಪನ ಅರವತ್ತರ ಶಾಂತಿ ಯಾವ ವರ್ಷ ಅಂತ ಚಿಕ್ಕಪ್ಪನಿಗೂ ಪುರೋಹಿತರಿಗೂ ಆದ ಜಗಳ ನೆನಪಾಯಿತು. ಮೇಲಿನ ಮನೆಯವರಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಬೆರಳೆಣಿಸಿ, 'ಗೆದ್ದ ವರ್ಷದ ಲೆಕ್ಕವೇ ಸರಿ' ಅಂದರು.

ಇನ್ನೊಂದು ಹೇಳಿ ಈ ಸುದ್ದಿ ಮುಗಿಸುತ್ತೇನೆ. 2001ರಲ್ಲಿ ಅವಳಿ ಕಟ್ಟಡ ಬಿದ್ದ ಮೇಲೆ ಈ ಊರಲ್ಲಿ ಮೊದಲ ಆಟ ನಡೆದದ್ದು ಶೇ ಸ್ಟೇಡಿಯಂನಲ್ಲಿ, ಸೆಪ್ಟೆಂಬರ್ 21ಕ್ಕೆ. ಮೆಟ್ಸ್‌ನ ಮೈಕ್ ಪಿಯಾಜಾ ಎಂಟನೇ ಇನಿಂಗ್ಸ್‌ನಲ್ಲಿ ಹೋಂ ರನ್ ಹೊಡೆದು ಆಟ ಗೆಲ್ಲಿಸಿದರು. ಅವತ್ತು ಅವರು ಹಾಕಿದ್ದ ಅಂಗಿ ತಂಡದವರ ಕೈತಪ್ಪಿ ಮಾರಾಟಕ್ಕೆ ಬಂತು. 2016ರಲ್ಲಿ ಅದು ಗೊತ್ತಾದಾಗ ಅಭಿಮಾನಿಗಳು ಕೆರಳಿದರು, ತಂಡ ಕ್ಷಮೆ ಕೇಳಿತು. ಕೊನೆಗೆ ಮೂವರು ಸೇರಿ 3,65,000 ಡಾಲರ್ ಕೊಟ್ಟು ಕೊಂಡು, ಜನ ನೋಡಲೆಂದು ಮ್ಯೂಸಿಯಂಗಳಿಗೆ ಕೊಟ್ಟರು. ಒಂದು ಅಂಗಿಗೆ! ಭಾವ ಇದನ್ನು ಓದುವಾಗ ನಿನ್ನ ಮುಖ ಹೇಗಾಗುತ್ತದೆ ಅಂತ ಊಹಿಸಬಲ್ಲೆ. ನೀನು ಹೊಲಿಗೆ ದರ ಹೆಚ್ಚು ಮಾಡು, ನಾನು ಎಷ್ಟು ದಿನದಿಂದ ಹೇಳುತ್ತಿದ್ದೇನೆ.

ಅಪ್ಪನ ಸಕ್ಕರೆ ಈ ಸಲ ಎಷ್ಟು ಬಂತು, ಬರೆಯಲೇ ಇಲ್ಲ ನೀನು. ರಾತ್ರಿ ಮುದ್ದೆ ಕಮ್ಮಿ ಮಾಡಿ ಅಂದರೆ ಕೇಳುತ್ತಾರಾ? ಡಾಕ್ಟರ ಮಾತು ಕೇಳದಿದ್ದರೂ ಪುಟ್ಟಿ ಮಾತು ಕೇಳುತ್ತಾರೆ, ಅವಳನ್ನೇ ಬಿಡು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ದಸರಾ ಹೊತ್ತಿಗೆ ಬೆಂಗಳೂರಿಗೆ ಬರುತ್ತಿದ್ದಾರೆ. ಎಂಬ್ರಾಯ್ಡರಿ ಮಷಿನ್ನಿನ ಸೂಜಿ ಯಾವ ನಂಬರ್ ಬೇಕು ಅಂತ ಬೇಗ ತಿಳಿಸು, ಅವರ ಕೈಯಲ್ಲಿ ಕಳಿಸುತ್ತೇನೆ. ಅವರು ವಾಪಸ್ ಬರುವಾಗ ಶೇಂಗಾ ಚಟ್ನಿಪುಡಿ ಕಳಿಸು ಅಂತ ಅಮ್ಮನಿಗೆ ಹೇಳು. ಖಾರ ಮುಂದಿರಲಿ. ಹೋದ ಸಲ ನನಗೆ ಅಂತ ಖಾರ ಕಡಿಮೆ ಹಾಕಿಬಿಟ್ಟಿದ್ದಳು.

ಅಪ್ಪ ಅಮ್ಮನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ ತಮ್ಮ