ತಡೆಯಲು ಅಧಿಕಾರವಿಲ್ಲ, ಹೊಡೆಯಲು ಮಾತ್ರ ಇದೆ!

ಮಾನ್ಯರೇ,

ಶಾಲೆ ಪಕ್ಕದ ಶುಂಠಿ ಗದ್ದೆಗೆ ಔಷಧಿ ಹೊಡೆದ ವರದಿಯ ಜೊತೆಗೆ ‘ತಡೆಯಲು ನಮಗೆ ಅಧಿಕಾರವಿಲ್ಲ’ ಎಂಬ ಪಂಚಾಯಿತಿಯವರ ಮಾತನ್ನೂ ನೀವು ಅಚ್ಚು ಹಾಕಿದ್ದೀರಿ. ಎರಡು ದಿನದಿಂದ ನಮ್ಮ ಬೀದಿಯಲ್ಲಿ ಕಿಟಕಿ ತೆಗೆಯುವಂತಿಲ್ಲ. ಒಣಗಲು ಹಾಕಿದ್ದ ಬಟ್ಟೆಯನ್ನೆಲ್ಲ ಮತ್ತೆ ಒಗೆದದ್ದಾಯಿತು, ಹಿತ್ತಲ ಬಸಳೆ ತಿಪ್ಪೆ ಸೇರಿತು, ಬಾವಿ ನೀರು ಬಾಯಿಗಿಡಲು ಹೆದರಿಕೆ. ಅಧಿಕಾರವಿಲ್ಲದವರ ಕಚೇರಿ ಮಾತ್ರ ಗಾಳಿ ಬೀಸದ ದಿಕ್ಕಿನಲ್ಲಿ ತಣ್ಣಗಿದೆ.

ಅವರು ಹೇಳಿದ್ದು ಅರ್ಧ ನಿಜ. 1968ರ ಕೀಟನಾಶಕ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನರಿಗೆ ಅಪಾಯ ಕಂಡರೆ ಒಂದು ಪ್ರದೇಶದಲ್ಲಿ ಮಾರಾಟ, ಬಳಕೆ ನಿಲ್ಲಿಸಬೇಕಾದದ್ದು ಸರ್ಕಾರ, ಪಂಚಾಯಿತಿಯಲ್ಲ. ಅದೂ ಹೆಚ್ಚೆಂದರೆ 60 ದಿನ. ತನಿಖೆ ಮುಗಿಯದಿದ್ದರೆ ಇನ್ನು 30 ದಿನ. ಕಾಯಂ ನಿಷೇಧ ದೆಹಲಿಯ ಕೈಯಲ್ಲಿ. 2011ರಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ನಮ್ಮ ರಾಜ್ಯ ತಡೆದದ್ದೂ 60 ದಿನದ ಲೆಕ್ಕದಲ್ಲೇ. ಆಮೇಲೆ ಮೇ ತಿಂಗಳಲ್ಲಿ ದೇಶಕ್ಕೆಲ್ಲ ತಡೆ ಹಾಕಲು ಸುಪ್ರೀಂ ಕೋರ್ಟೇ ಬರಬೇಕಾಯಿತು. ಇನ್ನು 38ನೇ ಸೆಕ್ಷನ್ನಿನ ತಮಾಷೆ ನೋಡಿ: ತಾನು ಸಾಗುವಳಿ ಮಾಡುವ ಜಮೀನಿಗೆ ಔಷಧಿ ಹೊಡೆಯುವವನ ಬಳಕೆಗೆ ಈ ಕಾಯ್ದೆಯೇ ಅನ್ವಯಿಸದು! ಗಾಳಿಗೂ ಪಹಣಿ ಇರುತ್ತದೆಂದು ಬರೆದವರು ನಂಬಿದ್ದರೇನೋ. ಊರಿಗೇ ಅಧಿಕಾರವಿದ್ದರೆ ಏನಾಗುತ್ತದೆ ನೋಡಿ: ಕೆನಡಾದ ಹಡ್ಸನ್ ಎಂಬ ಪುಟ್ಟ ಊರು 1991ರಲ್ಲೇ ತನ್ನದೇ ನಿಯಮ ಮಾಡಿ ಕೀಟನಾಶಕಕ್ಕೆ ಕಡಿವಾಣ ಹಾಕಿತು. ಕಂಪನಿಗಳು ಕೋರ್ಟಿಗೆ ಹೋದರೂ 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಊರಿನ ಮಾತನ್ನೇ ಎತ್ತಿಹಿಡಿಯಿತು.

ಹಾಗೆಂದು ಇಲ್ಲಿ ಕೈಕಟ್ಟಿ ಕೂರಬೇಕಿಲ್ಲ. ಸಾರ್ವಜನಿಕ ಉಪದ್ರವವೆಂದು ತಹಶೀಲ್ದಾರರಿಗೆ ಒಂದು ಹಾಳೆ ಬರೆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 152ನೇ ಸೆಕ್ಷನ್ (ಮೊದಲಿನ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 133) ಅಡಿ ಅವರು ಷರತ್ತಿನ ಆದೇಶ ಹೊರಡಿಸಬಹುದು. ಆ ಹಾಳೆ ಬರೆಯಲು ಯಾವ ಅಧಿಕಾರ ಬೇಕು?

ಆದದ್ದಾದರೂ ಏನು? ಮಟಮಟ ಮಧ್ಯಾಹ್ನ, ಗಾಳಿ ಬೀಸುವ ಹೊತ್ತಿನಲ್ಲಿ, ಪವರ್ ಸ್ಪ್ರೇಯರಿನ ಒತ್ತಡ ಏರಿಸಿ ಗನ್ನನ್ನು ಮೇಲಕ್ಕೆತ್ತಿ ಹೊಡೆದರು. ಒತ್ತಡ ಹೆಚ್ಚಿದಷ್ಟೂ ಹನಿ ಸಣ್ಣದಾಗುತ್ತದೆ. 100 ಮೈಕ್ರಾನಿಗಿಂತ (ಮಿಲಿಮೀಟರಿನ ಹತ್ತನೇ ಒಂದು ಭಾಗ) ಸಣ್ಣ ಹನಿ ಎಲೆಗೆ ಕೂರದೆ ಮಂಜಿನಂತೆ ತೇಲಿಹೋಗುತ್ತದೆ. ಬೆಳಗ್ಗೆ ಗಾಳಿ ಕಡಿಮೆ ಇರುವಾಗ ನಾಜಲ್ ತಗ್ಗಿಸಿ, ಶಾಲೆ ಕಡೆಯ ಸಾಲುಗಳನ್ನು ಬಿಟ್ಟು ಹೊಡೆದಿದ್ದರೆ ಇಷ್ಟಾಗುತ್ತಿರಲಿಲ್ಲ. ಬಾವಿಯದು ಇನ್ನೊಂದು ಕಥೆ. ಬಾವಿಯಿಂದ ನೀರೆತ್ತುವ ಪಂಪಿನ ಪೈಪನ್ನು ಔಷಧಿ ಬೆರೆಸಿದ ಡ್ರಮ್ಮಿನೊಳಗೆ ಮುಳುಗಿಸಿಟ್ಟಿರುತ್ತಾರೆ. ಕರೆಂಟು ಹೋಯಿತೋ, ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಸರಿಯಿಲ್ಲದಿದ್ದರೆ ಡ್ರಮ್ಮಿನ ನೀರು ಹಿಂದಕ್ಕೆ ಬಾವಿಗೇ ಇಳಿಯುತ್ತದೆ. ಪೈಪಿನ ತುದಿ ಡ್ರಮ್ಮಿನ ನೀರಿನ ಮಟ್ಟದಿಂದ ಒಂದು ಗೇಣು ಮೇಲಿದ್ದರೆ ಸಾಕು. ಹೇಳುವವರು ಯಾರು? ಗ್ರಾಮಸಭೆಗೆ ಕೃಷಿ ಇಲಾಖೆಯವರು ಬಂದು ಯಾವ ಕಾಲವಾಯಿತು! ಕೆಂಪು ತ್ರಿಕೋನದ, ಅಂದರೆ ಅತಿ ವಿಷದ, ಖಾಲಿ ಬಾಟಲಿಗಳು ಈಗಲೂ ಚರಂಡಿಯಲ್ಲಿವೆ. ಒಡೆದು, ಮನೆಗಳಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮವಿದೆ. ಆ ಚರಂಡಿ ಹೂಳೆತ್ತಿಸಿ ಎಂದು ಕೊಟ್ಟ ಅರ್ಜಿಗಳೂ ಅದರಲ್ಲೇ ಬಿದ್ದಿರಬೇಕು.

ಇದೇ ಪಂಚಾಯಿತಿ ಕಳೆದ ಮಳೆಗಾಲದಲ್ಲಿ ರಸ್ತೆ ಬದಿ ಹುಲ್ಲು ಕೊಯ್ಯಿಸಲು ಆಳಿಲ್ಲವೆಂದು ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆಸಿತು. ಅದನ್ನು ಪರವಾನಗಿ ಪಡೆದ ಕೀಟ ನಿಯಂತ್ರಣದವರೇ ಬಳಸಬೇಕೆಂದು 2022ರ ಅಕ್ಟೋಬರಿನಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿದೆ. ಇಲ್ಲಿ ಹೊಡೆದದ್ದು ಚಪ್ಪಲಿಯೂ ಇಲ್ಲದ ಕೂಲಿಯವನು. ಆಗ ಅಧಿಕಾರ ಎಲ್ಲಿಂದ ಬಂತು? ಬೀದಿದೀಪ ಹಾಕಿಸಲು ಇಲ್ಲ, ಕಸದ ಗಾಡಿ ಕಳಿಸಲು ಇಲ್ಲ, ಕಂದಾಯದ ನೋಟಿಸು ಕಳಿಸಲು ಮಾತ್ರ ಉಂಟು.

ಸರ್ಕಾರ ಪಂಚಾಯಿತಿಗೆ ಅಧಿಕಾರ ಕೊಡಲಿ. ಕೊಡದಿದ್ದರೆ ಇರುವುದನ್ನಾದರೂ ಇವರು ಬಳಸಲಿ. ಅದೂ ಆಗದಿದ್ದರೆ ಕಚೇರಿಯನ್ನು ಗದ್ದೆ ಪಕ್ಕಕ್ಕೆ ತಂದು, ಕಿಟಕಿ ತೆಗೆದಿಟ್ಟು ಕೂರಲಿ.

– ನೊಂದ ಗ್ರಾಮಸ್ಥ