ಪದಗಳ ಜೋಡಿಗೆ ಅಷ್ಟುದ್ದ ಲೂಪ್ ಯಾಕ್ರೀ?

ಸಂಪಾದಕರೇ ನಮಸ್ಕಾರ,

ಡೇಟಾ ಕೆಲಸ ಕಲಿಯೋ ಹುಡುಗ್ರು ಒಂದು ವಾಕ್ಯದಿಂದ ಪದಗಳ ಜೋಡಿ ಮಾಡೋಕೆ ಮೂರು ಲೂಪ್ (ಒಂದೇ ಕೆಲ್ಸನ ಮತ್ತೆಮತ್ತೆ ಮಾಡಿಸೋ ಕೋಡ್) ಬರೆದು ಒದ್ದಾಡೋದು ನೋಡಿ ಈ ಪತ್ರ ಬರೀತಿದೀನಿ. ಆರ್ (R) ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಇದು ಎರಡೇ ಸಾಲಿನ ಕೆಲ್ಸ ಕಣ್ರೀ, ಸ್ಟ್ರ್‌ಸ್ಪ್ಲಿಟ್ (strsplit) ಅನ್ನೋ ಫಂಕ್ಷನ್‌ಗೆ ವಾಕ್ಯ, ಎಲ್ಲಿ ಒಡೀಬೇಕು ಅನ್ನೋಕೆ " " (ಖಾಲಿ ಜಾಗ) ಕೊಟ್ರೆ ಅದು ಪದಗಳಾಗಿ ಒಡೆಯುತ್ತೆ, ಆದ್ರೆ ಈ ಫಂಕ್ಷನ್ ಕೊಡೋದು ಲಿಸ್ಟು (ಪದಗಳನ್ನ ಒಳಗೆ ಇಟ್ಕೊಂಡ ಡಬ್ಬಿ ಇದ್ದಂಗೆ), ಅನ್‌ಲಿಸ್ಟ್ (unlist) ಮಾಡಿ ಪದಗಳನ್ನ ಹೊರಗೆ ತೆಗೀದೆ ಮುಂದೆ ಹೋದ್ರೆ ಎಡವಟ್ಟು, ನಾನೂ ಇಲ್ಲೇ ಅರ್ಧ ದಿನ ಕಳೆದೋನು. ಆಮೇಲೆ ಕಾಂಬ್‌ಎನ್‌ಗೆ (combn, ಗುಂಪು ಮಾಡೋ ಫಂಕ್ಷನ್) ಪದಗಳು, 2, ಜೊತೆಗೆ ಪದ ಅಂಟಿಸೋ ಪೇಸ್ಟ್ (paste), collapse = " " ಕೊಟ್ರೆ ಮುಗೀತು. "ಮಳೆ ಗಾಳಿ ಬಿಸಿಲು ಚಳಿ" ಅಂದ್ರೆ 6 ಜೋಡಿ ಬರುತ್ತೆ. ಮಳೆ ಗಾಳಿ ಬಂತು ಅಂದ್ಮೇಲೆ ಗಾಳಿ ಮಳೆ ಬರಲ್ಲ, ಇಲ್ಲಿ ಕ್ರಮಕ್ಕೆ ಲೆಕ್ಕ ಇಲ್ಲ. ಪಕ್ಕಪಕ್ಕದ ಪದಗಳು ಮಾತ್ರ ಬೇಕಾದ್ರೆ ಅದು ಬೈಗ್ರಾಮ್, ಬರೀ 3, ಇವೆರಡನ್ನ ಕಲಸಬೇಡಿ.

ಎಲ್ಲಾ ಗಾತ್ರದ ಗುಂಪೂ ಬೇಕು ಅಂತ ಆಸೆ ಪಟ್ರೆ ಮಾತ್ರ ಹುಷಾರು, 10 ಪದಕ್ಕೆ 1,023, 20 ಪದಕ್ಕೆ 10,48,575 ಆಗುತ್ತೆ, ಕಂಪ್ಯೂಟರ್ ಪಾಪ ಏನ್ಮಾಡುತ್ತೆ! ಪುಸ್ತಕ ಬರೆಯೋರು ಈ ಬೆಳವಣಿಗೆ ಲೆಕ್ಕನ ಮೊದ್ಲೇ ಹೇಳಿ, ಕೋಡ್ ಆಮೇಲೆ ಕೊಡಿ.

ಇಂತಿ,
ನಿಮ್ಮ ಓದುಗ