ದ್ವಿತೀಯ ಪಿಯು ವಿಜ್ಞಾನ ವಿಭಾಗದ ಪೋಷಕರಿಗೆ: ಮಧ್ಯಾಹ್ನದ ತರಗತಿ ಮತ್ತು ಸಿಇಟಿ ಲೆಕ್ಕ

ಮಂಡ್ಯ

ಮಾನ್ಯ ಪೋಷಕರೇ,

ಡಿಸೆಂಬರ್‌ನಿಂದ ಮಧ್ಯಾಹ್ನದ ತರಗತಿ, ಲ್ಯಾಬ್ ಎರಡನ್ನೂ ನಿಲ್ಲಿಸಿ ಮಕ್ಕಳನ್ನು ಮೈಸೂರಿನ ಕೋಚಿಂಗ್‌ಗೆ ಬಿಟ್ಟುಕೊಡಿ ಎಂಬ ನಿಮ್ಮ ಮನವಿ ತಲುಪಿದೆ. ‘ಸೀಟು ಕೊಡೋದು ಸಿಇಟಿ, ಕಾಲೇಜಲ್ಲ’ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಮಾತೂ ನಮ್ಮ ಕಣ್ಣಿಗೆ ಬಿದ್ದಿದೆ. ಬೇಸರವಿಲ್ಲ, ಸೀಟಿನ ಚಿಂತೆ ನಮಗೂ ಇದ್ದೇ ಇದೆ. ಆದರೆ ಮನವಿ ಒಪ್ಪಲು ಆಗುತ್ತಿಲ್ಲ. ಶೇ 75 ಹಾಜರಾತಿಯ ನಿಯಮ ನಿಮಗೆ ಗೊತ್ತಿರುವುದೇ, ಅದನ್ನು ಮತ್ತೆ ಎಳೆಯುವುದಿಲ್ಲ. ಅಂಕದ ಲೆಕ್ಕವನ್ನಷ್ಟೇ ಮುಂದಿಡುತ್ತೇವೆ.

ಇಲ್ಲಿನ ಪಿಇಎಸ್ ಕಾಲೇಜು ಇರಲಿ, ಮೈಸೂರಿನ ಎನ್‌ಐಇ ಇರಲಿ, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚುವ ಎಂಜಿನಿಯರಿಂಗ್ ಸೀಟಿಗೆ ರ‍್ಯಾಂಕ್ ಬರುವುದು ಸಿಇಟಿ ಪ್ರವೇಶ ಪರೀಕ್ಷೆಯೊಂದರಿಂದ ಅಲ್ಲ. ಪಿಯು ಪಿಸಿಎಂ (ಭೌತ, ರಸಾಯನ, ಗಣಿತ) ಅಂಕಕ್ಕೆ ಅರ್ಧ, ಸಿಇಟಿಯ 180 ಅಂಕಕ್ಕೆ ಅರ್ಧ, ಅಂದರೆ ನೂರರಲ್ಲಿ ತಲಾ 50. ಒಂದು ಮಗು ಪಿಯುನಲ್ಲಿ ಶೇ 92 ತೆಗೆದು ಸಿಇಟಿಯಲ್ಲಿ 80 ಅಂಕ ಪಡೆಯಿತು ಎನ್ನಿ: 46ಕ್ಕೆ 22.2 ಸೇರಿ 68.2. ಇನ್ನೊಂದು ಮಗು ಕಾಲೇಜು ಬಿಟ್ಟು ಕೋಚಿಂಗ್‌ನಲ್ಲೇ ಕೂತು ಸಿಇಟಿಯಲ್ಲಿ 110 ತೆಗೆಯಿತು, ಪಿಯು ಮಾತ್ರ ಶೇ 72ಕ್ಕೆ ನಿಂತಿತು: 36ಕ್ಕೆ 30.6 ಸೇರಿ 66.6. ಮೂವತ್ತು ಪ್ರಶ್ನೆ ಹೆಚ್ಚು ಸರಿ ಮಾಡಿಯೂ ಹಿಂದೆ! ಪಿಯುನಲ್ಲಿ ಶೇ 10 ಕೈಬಿಟ್ಟರೆ ಅದನ್ನು ತುಂಬಲು ಸಿಇಟಿಯಲ್ಲಿ 18 ಅಂಕ ಹೆಚ್ಚಿಗೆ ಬೇಕು. ದಯವಿಟ್ಟು ಈ 18ನ್ನು ನೆನಪಿಡಿ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ. ಪಿಯುನಲ್ಲಿ ಶೇ 94 ಮತ್ತು ಶೇ 97 ಪಡೆದ ಇಬ್ಬರ ನಡುವಿನ ಅಂತರ ಬರೀ ಒಂದೂವರೆ. ಸಿಇಟಿಯ ಆರು ಪ್ರಶ್ನೆ ಅದನ್ನು ಮೀರಿಸುತ್ತವೆ. ಮೇಲಿನ ಸಾಲಿನ ಮಕ್ಕಳನ್ನು ಬೇರ್ಪಡಿಸುವುದು ಸಿಇಟಿಯೇ, ನಿಜ. ಆದರೆ ಆ ಸಾಲಿಗೆ ಬರಬೇಕಾದರೆ ಪಿಯು ಶೇ 90 ದಾಟಬೇಕಲ್ಲ? ಇನ್ನೂ ಶೇ 70–80ರಲ್ಲಿರುವ ಮಕ್ಕಳಿಗೆ ಮಧ್ಯಾಹ್ನದ ತರಗತಿಯಷ್ಟು ಅಗ್ಗದ ರ‍್ಯಾಂಕ್ ಬೇರೆಲ್ಲೂ ಸಿಗುವುದಿಲ್ಲ. ನಮ್ಮ ಪಟ್ಟು ಅವರಿಗಾಗಿ.

ವೈದ್ಯಕೀಯ ಸೀಟಿಗೆ ನೀಟ್ ಬರೆಸುವ ಪೋಷಕರ ವಾದ ಬೇರೆ, ಒಪ್ಪೋಣ. ಅಲ್ಲಿ 720ಕ್ಕೆ ಬಂದ ಅಂಕವೇ ರ‍್ಯಾಂಕ್. ಪಿಯು ಪಿಸಿಬಿಯಲ್ಲಿ (ಭೌತ, ರಸಾಯನ, ಜೀವಶಾಸ್ತ್ರ) ಸಾಮಾನ್ಯ ವರ್ಗಕ್ಕೆ ಶೇ 50 ಇದ್ದರೆ ಅರ್ಹತೆ ಮುಗಿಯಿತು. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆ ರ‍್ಯಾಂಕಿಗೂ ಪಿಯು ಅಂಕ ಸೇರುವುದಿಲ್ಲ. ಆದರೆ ನೀಟ್ ಕೈಕೊಟ್ಟಾಗ ಅದೇ ಮಕ್ಕಳು ವಿ.ಸಿ. ಫಾರಂನ ಕೃಷಿ ಕಾಲೇಜಿನ ಬಿ.ಎಸ್ಸಿ. ಕೃಷಿ ಕಡೆಗೆ ತಿರುಗುವುದು ಮಂಡ್ಯದವರಿಗೆ ಹೊಸದಲ್ಲ, ಅಲ್ಲಿ ಮತ್ತೆ ಪಿಯು ಅಂಕ ಎದುರಿಗೆ ನಿಲ್ಲುತ್ತದೆ. ರಾಷ್ಟ್ರಮಟ್ಟದ ಜೆಇಇ ಪರೀಕ್ಷೆಯ ಮೂಲಕ ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಗೆ ಕಣ್ಣಿಟ್ಟವರಿಗೆ ಹನ್ನೆರಡನೇ ತರಗತಿಯಲ್ಲಿ ಶೇ 75 ಬೇಕು (ಎಸ್‌ಸಿ, ಎಸ್‌ಟಿಗೆ 65), ಇಲ್ಲವೇ ಬೋರ್ಡಿನ ಮೊದಲ 20 ಪರ್ಸೆಂಟೈಲ್‌ನಲ್ಲಿ, ಅಂದರೆ ಮೊದಲ ಶೇ 20 ಮಕ್ಕಳಲ್ಲಿ ಇರಬೇಕು. ಆ ಲೆಕ್ಕದಲ್ಲಿ ಒಂದು ಭಾಷೆಯೂ ಸೇರುತ್ತದೆ. ಭಾಷೆಯ ಪೀರಿಯಡ್ ದಂಡ ಎಂದವರು ಗಮನಿಸಬೇಕು.

ಲ್ಯಾಬ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಭೌತ, ರಸಾಯನ ಎರಡರಲ್ಲೂ ನೂರಕ್ಕೆ 30 ಅಂಕ ಪ್ರಾಯೋಗಿಕದ್ದು. ಟೈಟ್ರೇಷನ್‌ನಲ್ಲಿ ಬಣ್ಣ ತಿರುಗುವ ಹನಿಯಲ್ಲೇ ಬ್ಯುರೆಟ್ ನಿಲ್ಲಿಸುವ ಕೈ ರೆಕಾರ್ಡ್ ನಕಲು ಮಾಡಿದರೆ ಬರುವುದಿಲ್ಲ.

‘ಪರೀಕ್ಷೆ-2 ಇದೆಯಲ್ಲ’ (ಪಿಯು ಅಂಕ ಸುಧಾರಿಸಲು ಸಿಗುವ ಎರಡನೇ ಅವಕಾಶ) ಎಂದೂ ಕೆಲವರು ಬರೆದಿದ್ದೀರಿ. 2025ರಲ್ಲಿ ಅದು ನಡೆದದ್ದು ಏಪ್ರಿಲ್ 24ರಿಂದ ಮೇ 8ರವರೆಗೆ. ನೀಟ್ ಮೇ 4ಕ್ಕೆ. ಎರಡು ದೋಣಿಯಲ್ಲಿ ಕಾಲಿಡುವ ಪಾಡು ಮಕ್ಕಳಿಗೆ ಬೇಡ. ಅದೇ ವರ್ಷ ಪರೀಕ್ಷೆ-1 ಮಾರ್ಚ್ 20ಕ್ಕೆ ಮುಗಿದು ಸಿಇಟಿ ಶುರುವಾದದ್ದು ಏಪ್ರಿಲ್ ಮಧ್ಯದಲ್ಲಿ. ಬರೀ ಕೋಚಿಂಗ್‌ಗೆ ಆ ನಡುವಿನ ವಾರಗಳಿವೆ, ಆಗ ನಮ್ಮ ಅಡ್ಡಿ ಖಂಡಿತ ಇರುವುದಿಲ್ಲ.

ನಿಮ್ಮ ಆತಂಕಕ್ಕೆ ನಮ್ಮ ಕಡೆಯಿಂದಲೂ ಒಂದು ಹೆಜ್ಜೆ. ಜನವರಿಯಿಂದ ಶನಿವಾರ ಮಧ್ಯಾಹ್ನ ಇಲ್ಲೇ, ವೃತ್ತ ತುಂಬಿ ಉತ್ತರಿಸುವ ಓಎಂಆರ್ ಹಾಳೆಯಲ್ಲೇ ಸಿಇಟಿ ಅಣಕು ಪರೀಕ್ಷೆ: ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಅಸಲಿನಂತೆಯೇ. ನೀಟ್‌ಗೆ ಪಳಗಿದ ಮಕ್ಕಳು ಋಣಾಂಕಕ್ಕೆ (ತಪ್ಪು ಉತ್ತರಕ್ಕೆ ಕಳೆಯುವ ಅಂಕ) ಹೆದರಿ ಪ್ರಶ್ನೆ ಖಾಲಿ ಬಿಡುತ್ತಾರೆ. ಸಿಇಟಿಯಲ್ಲಿ ಋಣಾಂಕವಿಲ್ಲ, ನಾಲ್ಕು ಆಯ್ಕೆಯ 12 ಪ್ರಶ್ನೆ ಖಾಲಿ ಬಿಟ್ಟರೆ ಸರಾಸರಿ ಮೂರು ಅಂಕವನ್ನು ಕೈಯಾರೆ ಚೆಲ್ಲಿದಂತೆ. ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ತಪ್ಪಾಗಿ ತುಂಬಿದರಂತೂ ಬರೆದದ್ದೆಲ್ಲ ಬೇರೆ ಕೀ ಉತ್ತರದೊಂದಿಗೆ ತಾಳೆಯಾಗುತ್ತದೆ. ಇವನ್ನು ಇಲ್ಲೇ ತಿದ್ದುತ್ತೇವೆ.

ಮಧ್ಯಾಹ್ನದ ತರಗತಿ, ಲ್ಯಾಬ್ ಎಂದಿನಂತೆ 4 ಗಂಟೆಯವರೆಗೆ ನಡೆಯುತ್ತವೆ. ಕೋಚಿಂಗ್ ಅದರ ನಂತರ.

ಜೊತೆಗಿರುವ ಹಾಜರಾತಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಶನಿವಾರದೊಳಗೆ ಕಚೇರಿಗೆ ಕಳುಹಿಸಿ.

ಇತಿ ತಮ್ಮ ವಿಶ್ವಾಸಿ,
ಪ್ರಾಂಶುಪಾಲರು